ಗೆದ್ದ ಗಿಡಗಳನ್ನೂ ಕೇಳಬೇಕು

ಫಸಲು ಮುಗಿಯುವ ಹೊತ್ತಿಗೆ ಕೈತೋಟ ಮಾಡುವವರೆಲ್ಲ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತೇವೆ. ಒಣಗಿದ ಗಿಡದ ಮುಂದೆ ನಿಂತು ಯಾಕೆ ಹೀಗಾಯಿತು ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಎಲೆ ತಿರುಗಿಸಿ ನೋಡುತ್ತೇವೆ, ಬೇರು ಕಿತ್ತು ನೋಡುತ್ತೇವೆ, ಗೊತ್ತಿದ್ದವರನ್ನು ಕೇಳುತ್ತೇವೆ. ಚೆನ್ನಾಗಿ ಬಂದ ಗಿಡವನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಬುಟ್ಟಿ ತುಂಬಿತು, ಮನಸ್ಸಿಗೂ ಸಮಾಧಾನವಾಯಿತು, ಮುಂದಿನ ಸಲವೂ ಹೀಗೇ ಬರುತ್ತದೆ ಅಂದುಕೊಂಡು ಸುಮ್ಮನಾಗುತ್ತೇವೆ.

ಹಾಗೆ ಬರುವುದಿಲ್ಲ, ಅಲ್ವಾ? ಒಂದು ಸಲ ಚಪ್ಪರ ತುಂಬಾ ಬಿಟ್ಟ ಸೌತೆ ಮುಂದಿನ ಸಲ ನಾಲ್ಕು ಕಾಯಿ ಕೊಟ್ಟು ಬಾಡಿ ಹೋಗುತ್ತದೆ. ಆಗ ಹಿಡಿದುಕೊಳ್ಳುವುದಕ್ಕೆ ಒಂದು ಎಳೆಯೂ ಸಿಗುವುದಿಲ್ಲ. ಹೋದ ಸಲ ಯಾಕೆ ಅಷ್ಟು ಚೆನ್ನಾಗಿ ಬಂತು ಅನ್ನುವುದನ್ನೇ ನಾವು ನೋಡಿರುವುದಿಲ್ಲ. ಅದಕ್ಕೆ ಈ ಹಂಗಾಮಿನ ಲೆಕ್ಕ ಹಾಕುವಾಗ ಗೆದ್ದ ಗಿಡಗಳಿಂದಲೇ ಶುರು ಮಾಡಿದೆ. ಸೋತ ಗಿಡಕ್ಕೆ ಕೇಳುವ ಪ್ರಶ್ನೆಗಳನ್ನೆಲ್ಲ ಅವಕ್ಕೂ ಕೇಳಿದೆ. ಸಿಕ್ಕ ಉತ್ತರಗಳಲ್ಲಿ ಕೆಲವು ನಾನು ಇಷ್ಟು ದಿನ ನಂಬಿದ್ದಕ್ಕೆ ಸರಿಯಾಗಿ ಉಲ್ಟಾ ಇದ್ದವು.

ಈ ಸಲ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಬೀನ್ಸ್. ಎಳೆ ಕಾಯಿ, ನಾರಿಲ್ಲ, ಕಿತ್ತಷ್ಟೂ ಮತ್ತೆ ಬಿಡುತ್ತಿತ್ತು. ಎಲೆ ಕೊನೆಯವರೆಗೂ ಹಸಿರು ಬಿಡಲಿಲ್ಲ. ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ಬೀನ್ಸ್ ದ್ವಿದಳ, ಗಾಳಿಯಲ್ಲಿರುವ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ, ಅದಕ್ಕೆ ಗೊಬ್ಬರದ ಚಿಂತೆ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಬಳ್ಳಿ ಮುದಿಯಾಗುವ ಮೊದಲೇ, ಇನ್ನೂ ಹೂ ಇರುವಾಗ, ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ ಬೇರು ತೊಳೆದು ನೋಡಿದರೆ ಗಂಟುಗಳು ಅಲ್ಲೊಂದು ಇಲ್ಲೊಂದು ಮಾತ್ರ. ಪಕ್ಕದಲ್ಲೇ ಇದ್ದ ಅಲಸಂದೆಯ ಬೇರಿನಲ್ಲಿ ಮಾತ್ರ ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದವು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಆ ಬಣ್ಣ ಇದ್ದರೆ ಒಳಗಿನ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿವೆ ಅಂತ ಅರ್ಥ. ಹಸಿರೋ ಬೂದಿಯೋ ಆಗಿದ್ದರೆ ಆ ಗಂಟಿನ ಕೆಲಸ ಮುಗಿದಿದೆ, ಇಲ್ಲವೇ ಶುರುವೇ ಆಗಿಲ್ಲ.

ಆಮೇಲೆ ಓದಿ ನೋಡಿದಾಗ ತಿಳಿದದ್ದು, ದ್ವಿದಳಗಳೆಲ್ಲ ಈ ಕೆಲಸದಲ್ಲಿ ಸಮಾನರಲ್ಲ. ಅಲಸಂದೆ, ಸೋಯಾ ಇವೆಲ್ಲ ಚುರುಕು. ಬೀನ್ಸ್ ಅವುಗಳ ಪಕ್ಕದಲ್ಲಿ ತೀರಾ ಸೋಮಾರಿ. ಅದರ ಜೊತೆಗೆ ಮಣ್ಣಿನಲ್ಲಿ ಸಾರಜನಕ ಸುಲಭವಾಗಿ ಸಿಗುತ್ತಿದ್ದರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಸೂಕ್ಷ್ಮಜೀವಿಗಳನ್ನು ಸಾಕುವುದಕ್ಕೆ ಗಿಡ ತನ್ನ ಸಕ್ಕರೆಯನ್ನು ಕೊಡಬೇಕು. ಮಣ್ಣಿನಲ್ಲೇ ಸಿಗುವಾಗ ಯಾಕೆ ಕೊಡಬೇಕು? ಆ ಮಡಿಗೆ ಹಿಂದಿನ ಫಸಲಿಗೆ ಅಂತ ಧಾರಾಳವಾಗಿ ಕಾಂಪೋಸ್ಟ್ ಬಿದ್ದಿತ್ತು. ಬೀನ್ಸ್ ತಿಂದದ್ದು ಅದನ್ನು.

ಇದು ಬರೀ ತಿಳಿದುಕೊಳ್ಳುವ ಖುಷಿಗೆ ಹೇಳುತ್ತಿರುವ ಮಾತಲ್ಲ. ಬೀನ್ಸ್ ಹಾಕಿದ ಮಡಿಯಲ್ಲಿ ಸಾರಜನಕ ಉಳಿದಿರುತ್ತದೆ ಅಂತ ನಂಬಿ ಮುಂದಿನ ಬೆಳೆಗೆ ಗೊಬ್ಬರ ಕಡಿಮೆ ಮಾಡುವುದು ರೂಢಿ. ನನ್ನ ಮಡಿಯಲ್ಲಿ ಈಗ ಹಾಗೆ ಮಾಡಿದರೆ ಮುಂದಿನ ಗಿಡ ಹಸಿವಿನಿಂದ ಸೊರಗುತ್ತದೆ. ಮಡಿಗೆ ಬೀನ್ಸ್ ಏನೂ ಕೊಟ್ಟಿಲ್ಲ, ಇದ್ದದ್ದನ್ನು ಖಾಲಿ ಮಾಡಿದೆ. ಅಲಸಂದೆಯ ಮಡಿಯ ಕಥೆ ಬೇರೆ. ಅಲ್ಲೂ ಹಿಡಿದ ಸಾರಜನಕದಲ್ಲಿ ದೊಡ್ಡ ಪಾಲು ಕಾಯಿಯ ಜೊತೆ ಅಡುಗೆಮನೆಗೆ ಹೋಗಿರುತ್ತದೆ. ಉಳಿದದ್ದು ಎಲೆ, ಬಳ್ಳಿ, ಬೇರಿನಲ್ಲಿ. ಅದಕ್ಕೆ ಅಲಸಂದೆಯನ್ನು ಬುಡಸಮೇತ ಕೀಳಲಿಲ್ಲ. ನೆಲದ ಮಟ್ಟಕ್ಕೆ ಕತ್ತರಿಸಿ, ಬಳ್ಳಿಯನ್ನು ಅಲ್ಲೇ ಹರಡಿ ಮುಚ್ಚಿಗೆ ಮಾಡಿದೆ.

ಬೇರು ನೋಡುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಬೇರಿನಲ್ಲಿರುವ ಗಂಟೆಲ್ಲ ಒಳ್ಳೆಯದಲ್ಲ. ಸಾರಜನಕದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ಬೇರೇ ಅಲ್ಲಲ್ಲಿ ಊದಿಕೊಂಡು, ಉಜ್ಜಿದರೂ ಬರದಿದ್ದರೆ ಅದು ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳುವಿನ (ನೆಮಟೋಡ್) ಬೇರುಗಂಟು ರೋಗ. ಹಂಗಾಮು ಮುಗಿದಾಗ ಪ್ರತಿ ಮಡಿಯಿಂದಲೂ ಒಂದೆರಡು ಗಿಡದ ಬೇರು ನೋಡದೆ ಯಾರೂ ಲೆಕ್ಕ ಮುಗಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನನ್ನ ಬೆಂಡೆಯ ಮಡಿಯ ಒಂದು ಮೂಲೆಯಲ್ಲಿ ಈ ರೋಗದ ಗಂಟು ಸಿಕ್ಕಿತು. ಮೇಲಿನಿಂದ ನೋಡಿದರೆ ಆ ಗಿಡಗಳು ಸ್ವಲ್ಪ ಗಿಡ್ಡ ಇದ್ದವು, ಮಧ್ಯಾಹ್ನ ಸ್ವಲ್ಪ ಬೇಗ ಬಾಡುತ್ತಿದ್ದವು, ಅಷ್ಟೇ. ಬೇರು ನೋಡದಿದ್ದರೆ ನೀರು ಸಾಲಲಿಲ್ಲ ಅಂತಲೇ ಬರೆದಿಡುತ್ತಿದ್ದೆ.

ಬೀನ್ಸ್ ಗೆದ್ದದ್ದಕ್ಕೆ ಎರಡನೇ ಕಾರಣ ಹೊತ್ತು. ಬಿಸಿಲು 30 ಡಿಗ್ರಿ ದಾಟಿ ನಿಲ್ಲತೊಡಗಿದರೆ ಬೀನ್ಸ್ ಹೂ ಉದುರಿಸುತ್ತದೆ. ಈ ಸಲ ಅದು ಹೂ ಬಿಟ್ಟು ಕಾಯಿ ಕಟ್ಟಿದ ಮೇಲೆ ಸೆಕೆ ಏರಿತು. ಅಂದರೆ ಗಿಡದ ಹೊತ್ತಿಗೂ ಹವೆಯ ಹೊತ್ತಿಗೂ ಕೂಡಿ ಬಂದಿತ್ತು. ಅದರಲ್ಲಿ ನನ್ನ ಕೈಚಳಕ ಎಷ್ಟು ಅಂತ ಕೇಳಿದರೆ ಸ್ವಲ್ಪವೇ.

ಟೊಮೆಟೊ ಕಡೆ ಬರೋಣ. ಇದರದು ಗೆಲುವೂ ಹೌದು, ಸೋಲೂ ಹೌದು. ಮೊದಲ ಗೊಂಚಲುಗಳು ತುಂಬಿ ಬಂದವು. ನಡುವೆ ಕೆಲವು ವಾರ ಹೂ ಬಿಟ್ಟಷ್ಟೂ ಉದುರಿತು. ಆಮೇಲೆ ಮತ್ತೆ ಕಾಯಿ ಹಿಡಿಯಿತು. ಹೂ ಉದುರುವಾಗ ಬರುವ ಸಲಹೆಗಳಿಗೆ ಲೆಕ್ಕವಿಲ್ಲ. ಬೂದಿ ಹಾಕಿ, ಪೊಟ್ಯಾಷ್ ಹಾಕಿ, ನೀರು ನಿಲ್ಲಿಸಿ, ನೀರು ಜಾಸ್ತಿ ಮಾಡಿ. ಆದರೆ ಹವೆಯ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ತಾನಾಗಿ ಕಾಣುತ್ತದೆ. ಹಗಲು 32ರಿಂದ 35 ಡಿಗ್ರಿ ದಾಟಿದರೆ, ಅದಕ್ಕಿಂತ ಮುಖ್ಯವಾಗಿ ರಾತ್ರಿ 21ರಿಂದ 24 ಡಿಗ್ರಿಗಿಂತ ಕೆಳಗೆ ಇಳಿಯದೇ ಹೋದರೆ, ಟೊಮೆಟೊದ ಪರಾಗ ಕೆಡುತ್ತದೆ. ಹೂವಿನಲ್ಲಿ ಕಾಯಿ ಕಟ್ಟುವುದಿಲ್ಲ, ಉದುರುತ್ತದೆ. ತೀರಾ ಚಳಿ, ಅಂದರೆ ರಾತ್ರಿ 13 ಡಿಗ್ರಿಗಿಂತ ಕೆಳಗೆ ಹೋದರೂ ಇದೇ ಕಥೆ. ಕಾಯಿ ಕಟ್ಟದೆ ಹೋದ ವಾರಗಳು ರಾತ್ರಿ ಸೆಕೆ ಇಳಿಯದ ವಾರಗಳೇ ಆಗಿದ್ದವು. ಸಣ್ಣ ಹಣ್ಣಿನ ಚೆರ್ರಿ ಟೊಮೆಟೊ ಮಾತ್ರ ಆ ವಾರಗಳಲ್ಲೂ ಸುಮಾರಾಗಿ ಕಾಯಿ ಹಿಡಿಯಿತು. ಸೆಕೆ ತಡೆಯುವುದರಲ್ಲಿ ಸಾಮಾನ್ಯವಾಗಿ ಸಣ್ಣ ಹಣ್ಣಿನವೇ ಮುಂದು.

ಇಂಥ ಹೊತ್ತಿನಲ್ಲಿ ಗೊಬ್ಬರ ಸುರಿದರೆ ಏನಾಗುತ್ತದೆ ಅಂದರೆ, ಎರಡು ಮೂರು ವಾರದಲ್ಲಿ ಹವೆ ತಣ್ಣಗಾಗಿ ಕಾಯಿ ತಾನಾಗಿ ಹಿಡಿಯುತ್ತದೆ, ನಾವು ಗೊಬ್ಬರಕ್ಕೆ ಕೈ ಮುಗಿಯುತ್ತೇವೆ. ಕೈತೋಟದ ಅರ್ಧಕ್ಕರ್ಧ ನಂಬಿಕೆಗಳು ಹೀಗೇ ಹುಟ್ಟಿದ್ದು ಅಂತ ನನಗನಿಸುತ್ತದೆ. ಹೋಲಿಸಿ ನೋಡುವುದಕ್ಕೆ ಗೊಬ್ಬರ ಹಾಕದ ಒಂದು ಗಿಡವನ್ನು ಪಕ್ಕದಲ್ಲಿ ಬಿಟ್ಟುಕೊಂಡರೆ ಸಾಕು, ಇಂಥ ಎಷ್ಟೋ ನಂಬಿಕೆ ಕಳಚಿ ಬೀಳುತ್ತವೆ.

ಹಣ್ಣು ಕೆಂಪಾಗದೆ ಹಳದಿ ಕಿತ್ತಳೆಯಲ್ಲೇ ನಿಂತದ್ದಕ್ಕೂ ಸೆಕೆಯೇ ಕಾರಣ. ಟೊಮೆಟೊಗೆ ಕೆಂಪು ಕೊಡುವುದು ಲೈಕೋಪೀನ್. 30 ಡಿಗ್ರಿಗಿಂತ ಜಾಸ್ತಿ ಸೆಕೆಯಲ್ಲಿ ಅದು ಸರಿಯಾಗಿ ತಯಾರಾಗುವುದಿಲ್ಲ. ಬಣ್ಣ ತಿರುಗಲು ಶುರುವಾದ ಕಾಯಿಯನ್ನು ಕಿತ್ತು ಮನೆಯೊಳಗೆ ತಂಪು ಜಾಗದಲ್ಲಿಟ್ಟರೆ ಚೆನ್ನಾಗಿ ಕೆಂಪಾಗುತ್ತದೆ. ಅದಕ್ಕೆ ಬಿಸಿಲು ಬೇಕಿಲ್ಲ. ಹಕ್ಕಿ, ಇಲಿಗಳಿಂದಲೂ ಹಣ್ಣು ಉಳಿಯುತ್ತದೆ.

ಇನ್ನೊಂದು ಕಾಟ, ಕಾಯಿಯ ತಳ ಕಪ್ಪಾಗಿ ಒಳಗೆ ಇಳಿಯುವುದು. ಕುಂಡದಲ್ಲಿದ್ದ ಗಿಡಗಳ ಮೊದಲ ಕಾಯಿಗಳಲ್ಲಿ ಬಂತು, ನೆಲದಲ್ಲಿದ್ದವುಗಳಲ್ಲಿ ಬರಲಿಲ್ಲ. ಇದು ರೋಗವಲ್ಲ, ಒಂದು ಗಿಡದಿಂದ ಇನ್ನೊಂದಕ್ಕೆ ಹರಡುವುದೂ ಇಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ಮುಟ್ಟದೇ ಹೋದಾಗ ಹೀಗಾಗುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಅಂತ ಅಲ್ಲ. ಕ್ಯಾಲ್ಸಿಯಂ ನೀರಿನ ಜೊತೆಗೇ ಗಿಡದೊಳಗೆ ಓಡಾಡುತ್ತದೆ, ನೀರು ಜಾಸ್ತಿ ಆವಿಯಾಗುವುದು ಎಲೆಯಲ್ಲಿ, ಹಾಗಾಗಿ ಎಲೆಗಳೇ ಹೆಚ್ಚು ಪಾಲು ಎಳೆದುಕೊಳ್ಳುತ್ತವೆ. ಮಣ್ಣು ಒಮ್ಮೆ ಒಣಗಿ ಒಮ್ಮೆ ಕೆಸರಾದರೆ ಕಾಯಿಗೆ ಸಿಗುವುದು ಇನ್ನೂ ಕಡಿಮೆ. ಕುಂಡದ ಮಣ್ಣು ಬೇಗ ಒಣಗುತ್ತದಲ್ಲ, ಅಲ್ಲಿ ಮೊದಲು ಕಾಣಿಸಿದ್ದು ಅದಕ್ಕೇ. ಮೊಟ್ಟೆಯ ಚಿಪ್ಪು ಪುಡಿ ಮಾಡಿ ಬುಡಕ್ಕೆ ಹಾಕಿ ಅಂತ ಎಲ್ಲೆಲ್ಲೂ ಹೇಳುತ್ತಾರೆ. ಚಿಪ್ಪು ಮಣ್ಣಿನಲ್ಲಿ ಕರಗುವುದು ತುಂಬಾ ನಿಧಾನ, ಈ ಫಸಲಿಗಂತೂ ಅದು ಒದಗುವುದಿಲ್ಲ. ಕುಂಡಕ್ಕೆ ಒಣ ಎಲೆಯ ಮುಚ್ಚಿಗೆ ಹಾಕಿ, ಒಂದೇ ಸಮನಾಗಿ ನೀರು ಕೊಟ್ಟ ಮೇಲೆ ಬಂದ ಕಾಯಿಗಳು ಸರಿ ಇದ್ದವು.

ಟೊಮೆಟೊದಲ್ಲಿ ನಾನು ನಿಜವಾಗಿ ಗೆಲುವು ಅಂತ ಕರೆಯುವುದು ಬೇರೆಯದನ್ನು. ಎಲೆ ಮುರುಟು ರೋಗ ಎಳೆಯ ಗಿಡಗಳಿಗೆ ಬರಲಿಲ್ಲ. ಇದು ವೈರಸ್ಸಿನಿಂದ ಬರುವ ರೋಗ, ಬಿಳಿ ನೊಣ ಹರಡುತ್ತದೆ, ಬಂದ ಮೇಲೆ ಮದ್ದಿಲ್ಲ. ಗಿಡ ಎಳೆಯದಿರುವಾಗ ತಗುಲಿದರೆ ಫಸಲೇ ಇಲ್ಲ. ಬೆಳೆದು ಕಾಯಿ ಹಿಡಿದ ಮೇಲೆ ತಗುಲಿದರೆ ನಷ್ಟ ಕಡಿಮೆ. ಹಾಗಾಗಿ ಕಾಯಬೇಕಾದದ್ದು ಸಸಿಯ ಕಾಲವನ್ನು. ಬೀಜ ಬಿತ್ತಿದ ದಿನದಿಂದ ಸಸಿಮಡಿಯ ಮೇಲೆ ಒತ್ತಾದ ಕಣ್ಣಿನ ಬಲೆ ಕಟ್ಟಿದ್ದೆ. ಬಲೆಯ ಹೊರಗೆ ತಾನಾಗಿ ಹುಟ್ಟಿದ ಟೊಮೆಟೊ ಸಸಿಗಳೂ ತೋಟದಲ್ಲಿದ್ದವು. ಅವುಗಳ ಎಲೆ ಬೇಗನೆ ಮುದುಡಿತು, ಕಿತ್ತು ಹಾಕಬೇಕಾಯಿತು. ಹೋಲಿಸಲು ಅವು ಇದ್ದದ್ದರಿಂದಲೇ ಬಲೆಯದೇ ಕೆಲಸ ಅಂತ ಧೈರ್ಯವಾಗಿ ಹೇಳಬಲ್ಲೆ. ಇಡೀ ಹಂಗಾಮಿನಲ್ಲಿ ಇಷ್ಟು ಖಚಿತವಾಗಿ ಹೇಳಬಲ್ಲ ಗೆಲುವು ಇದೊಂದೇ.

ಬಳ್ಳಿ ತರಕಾರಿಗಳಲ್ಲಿ ನಾನು ಹೆಚ್ಚು ಕಲಿತೆ. ಕುಂಬಳ, ಹೀರೆ, ಸೌತೆ, ಹಾಗಲ ಎಲ್ಲದರಲ್ಲೂ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಮೊದಲು ಬರುವುದು ಗಂಡು ಹೂಗಳೇ. ಅವು ಉದುರುವುದನ್ನು ನೋಡಿ ಗಾಬರಿಯಾಗಬೇಕಿಲ್ಲ. ಹೆಣ್ಣು ಹೂ ಬಂದ ಮೇಲೂ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಮೊದಲು ಅನುಮಾನ ಪಡಬೇಕಾದ್ದು ಪರಾಗಸ್ಪರ್ಶವನ್ನು. ಸೌತೆಕಾಯಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣಗೆ ಸೊಟ್ಟಾಗುವುದಕ್ಕೂ ಅದೇ ಕಾರಣ ಆಗಿರಬಹುದು. ಜೇನುನೊಣ ಒಂದು ಸಲ ಬಂದು ಹೋದರೆ ಸಾಲದು, ಹಲವು ಸಲ ಬರಬೇಕು.

ಕುಂಬಳಕ್ಕೆ ಬೆಳಗ್ಗೆ ಬೇಗ ಎದ್ದು ಕೈಯಿಂದಲೇ ಪರಾಗ ಮುಟ್ಟಿಸಿದೆ. ಅದರ ಹೂ ಬೆಳಕು ಹರಿಯುವ ಹೊತ್ತಿಗೆ ಅರಳಿ ಬಿಸಿಲು ಏರುವುದರೊಳಗೆ ಮುಚ್ಚಿಕೊಳ್ಳುತ್ತದೆ. ಆವತ್ತೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೃದುವಾಗಿ ಉಜ್ಜಿದರೆ ಆಯಿತು. ಮುಟ್ಟಿಸಿದ ಹೂಗಳಿಗೆ ದಾರ ಕಟ್ಟಿದ್ದೆ. ಉದುರದೆ ನಿಂತ ಕಾಯಿಗಳಲ್ಲಿ ದಾರ ಇದ್ದವೇ ಜಾಸ್ತಿ. ಹೀರೆಗೆ ಇದೇ ಬೆಳಗಿನ ಹೊತ್ತು ನಡೆಯುವುದಿಲ್ಲ. ಹೀರೆಯ ಹೂ ಅರಳುವುದು ಸಂಜೆ. ಬೆಳಗ್ಗೆ ಹೋದರೆ ಹೂವಿನ ಹೊತ್ತು ಆಗಲೇ ದಾಟುತ್ತಾ ಬಂದಿರುತ್ತದೆ. ಸೋರೆಯ ಬಿಳಿ ಹೂವೂ ಸಂಜೆಯದೇ, ಅದಕ್ಕೆ ಬರುವುದು ರಾತ್ರಿ ಹಾರುವ ಪತಂಗಗಳು. ಒಂದೇ ಚಪ್ಪರದ ಮೇಲೆ ಕುಂಬಳವೂ ಹೀರೆಯೂ ಇರುವವರು ದಿನಕ್ಕೆ ಎರಡು ಸಲ ಹೋಗಬೇಕು. ನನಗಂತೂ ಸಂಜೆಯ ಆ ಹಳದಿ ಹೂಗಳನ್ನು ನೋಡಲು ಹೋಗುವುದೇ ದಿನದ ಒಳ್ಳೆಯ ಹೊತ್ತು ಅನಿಸಿತು.

ಹಾಗಲ ಮಾತ್ರ ನಿಜವಾಗಿ ಸೋತಿತು. ಹಣ್ಣಿನ ನೊಣ ಎಳೆ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಹೊರಗೆ ಒಂದು ಸಣ್ಣ ಚುಕ್ಕೆ, ಅಷ್ಟೇ. ಒಳಗೆ ಹುಳು ತಿರುಳು ತಿನ್ನುತ್ತಿರುತ್ತದೆ. ಕಾಯಿ ಹಳದಿಯಾಗಿ ಕೊಳೆತು ಬೀಳುತ್ತದೆ, ಹುಳು ಹೊರಬಂದು ಮಣ್ಣಿಗೆ ಇಳಿದು ಕೋಶವಾಗುತ್ತದೆ, ಮತ್ತೆ ನೊಣವಾಗಿ ಮೇಲೆ ಬರುತ್ತದೆ. ಹುಳು ಕಾಯಿಯ ಒಳಗಿರುವಾಗ ಹೊರಗಿನಿಂದ ಏನು ಸಿಂಪಡಿಸಿದರೂ ಮುಟ್ಟುವುದಿಲ್ಲ. ಸರಪಳಿ ಕಡಿಯಬೇಕಾದ್ದು ಬೇರೆ ಕಡೆ. ಬಿದ್ದ ಕಾಯಿಯನ್ನು ಅದೇ ದಿನ ಹೆಕ್ಕಬೇಕು, ಕಾಂಪೋಸ್ಟ್ ಗುಂಡಿಗೆ ಹಾಕದೆ ಗಟ್ಟಿಯಾಗಿ ಕಟ್ಟಿದ ಚೀಲದಲ್ಲಿಟ್ಟು ಬಿಸಿಲಿಗೆ ಹಾಕಬೇಕು. ಹೂ ಉದುರಿದ ಕೂಡಲೇ ಎಳೆ ಕಾಯಿಗೆ ಕಾಗದದ ಚೀಲ ತೊಡಿಸಬೇಕು. ಕೊನೆಕೊನೆಗೆ ಚೀಲ ತೊಡಿಸಿದ ಕಾಯಿಗಳೆಲ್ಲ ಸರಿಯಾಗಿ ಬಂದವು. ಗಂಡು ನೊಣಗಳನ್ನು ಸೆಳೆಯುವ ಮೋಹಕ ಬಲೆಗಳೂ ಇವೆ. ಅವುಗಳಲ್ಲಿ ಎಷ್ಟು ನೊಣ ಬೀಳುತ್ತದೆ ಅಂತ ನೋಡಿದರೆ ಚೀಲ ತೊಡಿಸುವ ಹೊತ್ತು ಯಾವುದು ಅಂತ ಗೊತ್ತಾಗುತ್ತದೆ. ನಾಲ್ಕು ಬಳ್ಳಿಯ ತೋಟಕ್ಕೆ ಚೀಲವೇ ಗಟ್ಟಿ ಉಪಾಯ ಅಂತ ನನ್ನ ಮಾತು.

ಬೆಂಡೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಕಿತ್ತರೆ ಬಿಡುತ್ತಲೇ ಇರುತ್ತದೆ. ಬಲಿಯಲು ಬಿಟ್ಟರೆ ಗಿಡ ಬೀಜದ ಕಡೆ ತಿರುಗಿ ಹೊಸ ಹೂ ಕಡಿಮೆ ಮಾಡುತ್ತದೆ.

ಮೆಣಸಿನ ಗಿಡದಲ್ಲಿ ಎಲೆ ಮುದುಡಿತು ಅಂದ ಕೂಡಲೇ ಎಲ್ಲರೂ ಒಂದೇ ಮದ್ದು ಹೇಳುತ್ತಾರೆ. ಎಲೆ ಯಾವ ಕಡೆ ಮುದುಡಿದೆ ಅಂತ ಮೊದಲು ನೋಡಬೇಕು. ಅಂಚು ಮೇಲಕ್ಕೆ ದೋಣಿಯಾಗಿ ಮಡಚಿದ್ದರೆ ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಕೀಟ. ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ನುಸಿ. ನುಸಿ ಬರಿಗಣ್ಣಿಗೆ ಕಾಣುವುದಿಲ್ಲ, ಅದು ಕೀಟವೂ ಅಲ್ಲ, ಜೇಡದ ಕುಲ. ಕೀಟಕ್ಕೆ ಹೊಡೆಯುವ ಎಷ್ಟೋ ಮದ್ದುಗಳು ಅದಕ್ಕೆ ತಾಗುವುದಿಲ್ಲ, ಬದಲಿಗೆ ಅದನ್ನು ತಿನ್ನುವ ಹುಳುಗಳನ್ನು ಕೊಲ್ಲುತ್ತವೆ. ನನ್ನ ಗಿಡಗಳಲ್ಲಿ ಕೆಳಕ್ಕೆ ಮಡಚಿದವೇ ಹೆಚ್ಚು. ಮುದುಡಿದ ಕುಡಿ ಚಿವುಟಿ ತೆಗೆದು, ಬೇವಿನ ಎಣ್ಣೆಯನ್ನು ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಲೆಕ್ಕದಲ್ಲಿ ಸ್ವಲ್ಪ ಸೋಪಿನ ನೀರಿನ ಜೊತೆ ಕಲಸಿ, ಸಂಜೆ ಹೊತ್ತು ಎಲೆಯ ಅಡಿಗೆ ತಾಗುವ ಹಾಗೆ ಹೊಡೆದೆ. ಹೊಸ ಚಿಗುರು ನೆಟ್ಟಗೆ ಬಂತು. ಅದೇ ವಾರ ಮಳೆಯೂ ಬಂತು. ಹೀಗಾಗಿ ತೋಟದ ಲೆಕ್ಕ ಬರೆಯುವ ಪುಸ್ತಕದಲ್ಲಿ ಬೇವಿನ ಎಣ್ಣೆಯ ಮುಂದೆ ಗೆಲುವು ಅಂತ ಬರೆದಿಲ್ಲ, ‘ಎಣ್ಣೆ ಮತ್ತು ಮಳೆ’ ಅಂತ ಬರೆದಿದ್ದೇನೆ.

ಬದನೆಯಲ್ಲಿ ಬಾಡಿದ ಕುಡಿ ಕಂಡ ಕೂಡಲೇ ಕತ್ತರಿಸಿ ನಾಶ ಮಾಡುವುದೊಂದೇ ನಾನು ಮಾಡಿದ ಕೆಲಸ. ಕಾಂಡ ಕೊರೆಯುವ ಹುಳುವೇ ಆಮೇಲೆ ಕಾಯಿಯನ್ನೂ ಕೊರೆಯುತ್ತದೆ. ಬಾಡಿದ ಕುಡಿ ಕಂಡಾಗ ಅದು ಇನ್ನೂ ಆ ಕುಡಿಯೊಳಗೇ ಇರುತ್ತದೆ. ವಾರ ಬಿಟ್ಟರೆ ಕೈ ತಪ್ಪಿತು.

ಕೊತ್ತಂಬರಿ ಸೆಕೆಗೆ ಬೇಗನೆ ದಂಟೆತ್ತಿ ಹೂ ಬಿಟ್ಟಿತು. ಎಲೆಗೆ ಅಂತ ಹಾಕಿದವರ ಲೆಕ್ಕದಲ್ಲಿ ಇದು ಸೋಲೇ. ಆದರೆ ಅದನ್ನು ಕೀಳದೆ ಹಾಗೇ ಬಿಟ್ಟೆ. ಅದರ ಪುಟ್ಟ ಬಿಳಿ ಹೂಗಳಿಗೆ ಬಂದವರನ್ನು ನೋಡಬೇಕಿತ್ತು! ಜೇನುನೊಣಗಳು, ಕಡ್ಡಿ ಸೊಂಟದ ಸಣ್ಣ ಕಣಜಗಳು, ಗಾಳಿಯಲ್ಲೇ ನಿಂತು ಹಾರುವ ಹಳದಿ ಪಟ್ಟೆಯ ನೊಣಗಳು. ಈ ಪಟ್ಟೆ ನೊಣದ ಮರಿಗಳಲ್ಲಿ ಎಷ್ಟೋ ಜಾತಿಗಳು ಸಸ್ಯಹೇನನ್ನು ತಿಂದೇ ಬೆಳೆಯುತ್ತವೆ. ಕೊತ್ತಂಬರಿಯ ಪಕ್ಕದಲ್ಲಿದ್ದದ್ದು ಸೌತೆ ಮತ್ತು ಅಲಸಂದೆ. ಅಲಸಂದೆಯ ಕುಡಿಗೆ ಹೇನು ಮುತ್ತಿದಾಗ ಅದರ ನಡುವೆ ಈ ಮರಿಗಳೂ ಗುಲಗಂಜಿ ಹುಳುವಿನ ಮರಿಗಳೂ ಕಂಡವು, ಏನೂ ಸಿಂಪಡಿಸದೆ ಹೇನು ಇಳಿಯಿತು. ಸೌತೆಯ ಕಾಯಿಗಳು ನೆಟ್ಟಗೆ ಬಂದವು. ಹೀಗೆ ಪುಸ್ತಕದಲ್ಲಿ ಕೊತ್ತಂಬರಿಯ ಸೋಲಿನಿಂದ ಒಂದು ಬಾಣದ ಗುರುತು ಎಳೆದು ಸೌತೆಯ ಗೆಲುವಿಗೆ ತಂದು ಮುಟ್ಟಿಸಿದ್ದೇನೆ. ಸೋಲು ಗೆಲುವುಗಳನ್ನು ಗಿಡವಾರು ಬರೆಯುವುದರ ಕೊರತೆ ಇಲ್ಲಿ ಕಾಣುತ್ತದೆ. ಪಟ್ಟಿಯಲ್ಲಿ ಅವು ಬೇರೆ ಬೇರೆ ಸಾಲು, ಮಣ್ಣಿನ ಮೇಲೆ ಅಕ್ಕಪಕ್ಕ.

ಟೊಮೆಟೊ ಹೂವಿಗೆ ಮಾತ್ರ ಈ ಜೇನುನೊಣಗಳಿಂದ ಹೆಚ್ಚು ಪ್ರಯೋಜನವಿಲ್ಲ. ಅದರ ಪರಾಗ ಹೂವಿನ ಕೊಳವೆಯೊಳಗೆ ಇರುತ್ತದೆ, ಅಲುಗಾಡಿಸಿದರೆ ತುದಿಯಿಂದ ಉದುರುತ್ತದೆ. ಮರಕೊರೆಯುವ ದೊಡ್ಡ ಕಪ್ಪು ದುಂಬಿಗಳು ಹೂ ಹಿಡಿದುಕೊಂಡು ಗುಂಯ್‌ಗುಟ್ಟಿ ಅದನ್ನು ಉದುರಿಸಬಲ್ಲವು, ಜೇನುನೊಣಕ್ಕೆ ಆ ವಿದ್ಯೆ ಇಲ್ಲ. ಗಾಳಿ ಆಡದ ಮೂಲೆಯ ಗಿಡಗಳಿಗೆ ಬೆಳಗಿನ ಹೊತ್ತು ಊರುಗೋಲನ್ನು ಮೆಲ್ಲಗೆ ತಟ್ಟಿದರೂ ಸಾಕು.

ಕ್ಯಾರೆಟ್ ಬಗ್ಗೆ ಒಂದು ಮಾತು. ಅದು ಮೊಳೆಯಲು ಒಂದರಿಂದ ಮೂರು ವಾರ ಹಿಡಿಯುತ್ತದೆ, ಬೀಜ ಇರುವುದು ಮಣ್ಣಿನ ತೀರಾ ಮೇಲೆ, ಅಲ್ಲಿ ಒಂದು ಮಧ್ಯಾಹ್ನ ಒಣಗಿದರೂ ಮೊಳಕೆ ಸಾಯುತ್ತದೆ. ಒದ್ದೆ ಗೋಣಿತಾಟು ಹೊದಿಸಿ, ಮೊಳಕೆ ಕಂಡ ದಿನ ತೆಗೆದೆ. ಸಾಲು ತುಂಬಿ ಬಂತು. ಕಲ್ಲು ಹೆಕ್ಕಿದ ಕಡೆ ಗೆಡ್ಡೆ ನೆಟ್ಟಗೆ, ಹೆಕ್ಕದ ಕಡೆ ಕವಲು. ಇದರಲ್ಲಿ ಗುಟ್ಟೇನೂ ಇಲ್ಲ, ಕಾರಣ ಕಣ್ಣಿಗೇ ಕಾಣುತ್ತದೆ.

ನೀರಿನ ಲೆಕ್ಕವನ್ನು ಈ ಸಲ ಸ್ವಲ್ಪ ಶ್ರದ್ಧೆಯಿಂದ ಇಟ್ಟೆ. ತರಕಾರಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಅನ್ನುವುದು ಹಳೆಯ ಅಂದಾಜು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್, ಹಾಗಾಗಿ ಚದರ ಮೀಟರಿಗೆ ವಾರಕ್ಕೆ 25 ಲೀಟರ್. ಸೆಕೆ ಜಾಸ್ತಿಯಾದರೆ ಇನ್ನೂ ಬೇಕು. ನೆಟ್ಟಗಿನ ಗೋಡೆಯ ಒಂದು ಡಬ್ಬಿಯನ್ನು ತೋಟದ ನಡುವೆ ಇಟ್ಟು ಅದರಲ್ಲಿ ನಿಂತ ಮಳೆ ಅಳೆದರೆ ಮೇಲಿನಿಂದ ಎಷ್ಟು ಕೊಡಬೇಕು ಅಂತ ಸುಲಭವಾಗಿ ತಿಳಿಯುತ್ತದೆ. ಆದರೆ ಅಳತೆಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಬೆರಳು. ಮುಚ್ಚಿಗೆ ಸರಿಸಿ ಬೆರಳು ಇಳಿಸಿದಾಗ ಕೆಳಗೆ ತೇವ ಇದ್ದರೆ ಅವತ್ತು ನೀರು ಬೇಡ. ಮುಚ್ಚಿಗೆ ಇದ್ದ ಮಡಿ, ಇಲ್ಲದ ಮಡಿಗಳ ನಡುವೆ ಇಷ್ಟು ವ್ಯತ್ಯಾಸ ಇರುತ್ತದೆ ಅಂತ ಮುಟ್ಟಿ ನೋಡುವವರೆಗೂ ನಂಬಿರಲಿಲ್ಲ.

ಮುಂದಿನ ಹಂಗಾಮಿಗೆ ಮಡಿ ಬದಲಿಸಬೇಕು. ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ನಾಲ್ಕೂ ಒಂದೇ ಕುಟುಂಬ. ಅವು ಇದ್ದ ಮಡಿಗೆ ಅದೇ ಕುಟುಂಬದವು ಮೂರು ವರ್ಷ ಬರಬಾರದು ಅಂತ ಹೇಳುತ್ತಾರೆ. ದೊಡ್ಡ ಹೊಲದಲ್ಲಿ ಸರಿ. ನಾಲ್ಕು ಹೆಜ್ಜೆ ಅಗಲದ ತೋಟದಲ್ಲಿ ಬಿಳಿ ನೊಣಕ್ಕೂ ಹಣ್ಣಿನ ನೊಣಕ್ಕೂ ಪಕ್ಕದ ಮಡಿ ಒಂದು ದೂರವೇ? ಹಾರುವ ಕೀಟಕ್ಕೆ ಬಲೆ, ಚೀಲ. ಮಡಿ ಬದಲಿಸುವುದು ಮಣ್ಣಿನಲ್ಲಿ ಕೂತ ರೋಗಕ್ಕೆ, ಮಣ್ಣಿನ ಹಸಿವಿಗೆ. ಬೆಂಡೆಯ ಆ ಮೂಲೆಗೆ, ಜಂತುಹುಳು ಇರುವಲ್ಲಿ, ಒತ್ತಾಗಿ ಚೆಂಡುಹೂ ಹಾಕುತ್ತೇನೆ. ಅದರ ಬೇರು ಬೇರುಗಂಟಿನ ಹುಳುವನ್ನು ತಗ್ಗಿಸುತ್ತದೆ ಅನ್ನುವುದು ನಿಜ. ಆದರೆ ತರಕಾರಿಯ ಪಕ್ಕ ಒಂದೆರಡು ಗಿಡ ನೆಟ್ಟರೆ ಸಾಲದು. ಇಡೀ ಮಡಿ ತುಂಬಾ ಚೆಂಡುಹೂವೇ ಕೆಲವು ತಿಂಗಳು ಇರಬೇಕು. ಆ ಜಾಗದಲ್ಲಿ ಅಷ್ಟು ದಿನ ತರಕಾರಿ ಇಲ್ಲ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ.

ಬೀಜದ ಕೆಲಸವೂ ಬಾಕಿ ಇದೆ. ಬೀನ್ಸ್, ಟೊಮೆಟೊಗಳು ಬಹುಪಾಲು ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ಹಾಗಾಗಿ ಬೀಜ ಉಳಿಸುವುದು ಸುಲಭ. ಹೈಬ್ರಿಡ್ ಆಗಿರಬಾರದು ಅಷ್ಟೇ. ಟೊಮೆಟೊ ಬೀಜವನ್ನು ರಸದ ಜೊತೆ ಎರಡು ಮೂರು ದಿನ ಹುಳಿಯಲು ಬಿಟ್ಟು ತೊಳೆದರೆ ಮೇಲಿನ ಲೋಳೆ ಹೋಗುತ್ತದೆ. ಕುಂಬಳದ ಬೀಜ ಉಳಿಸುವುದಾದರೆ ದಾರ ಕಟ್ಟಿದ ಕಾಯಿಯದೇ ಆಗಬೇಕು, ಅದರಲ್ಲೂ ಕೈಯಿಂದ ಮುಟ್ಟಿಸುವ ಮೊದಲೂ ಆಮೇಲೂ ಹೂವನ್ನು ಮುಚ್ಚಿ ಕಟ್ಟಿದ್ದರೆ ಮಾತ್ರ. ಇಲ್ಲದಿದ್ದರೆ ಯಾವ ತೋಟದ ಪರಾಗ ಬಂದು ಸೇರಿತೋ ಹೇಳಲಾಗದು. ಈರುಳ್ಳಿಯ ಬೀಜ ಒಂದೆರಡು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ, ಟೊಮೆಟೊ ನಾಲ್ಕು ವರ್ಷ ತಡೆಯುತ್ತದೆ. ಡಬ್ಬಿಯಲ್ಲಿರುವ ಹಳೆಯ ಬೀಜಗಳಲ್ಲಿ ಹತ್ತತ್ತು ತೆಗೆದು ಒದ್ದೆ ಕಾಗದದಲ್ಲಿ ಸುತ್ತಿ ನೋಡಬೇಕು. ಎಷ್ಟು ಮೊಳೆತವು ಅನ್ನುವುದರ ಮೇಲೆ ಎಷ್ಟು ಒತ್ತಾಗಿ ಬಿತ್ತಬೇಕು ಅನ್ನುವುದು ತಿಳಿಯುತ್ತದೆ.

ಕೊನೆಗೆ ಬೀನ್ಸ್. ಗೆಲುವಿಗೆ ಎರಡು ಕಾರಣ ಅಂದೆನಲ್ಲ, ಹಳೆಯ ಕಾಂಪೋಸ್ಟ್ ಮತ್ತು ಬಿತ್ತಿದ ಹೊತ್ತು. ಎರಡರಲ್ಲಿ ಯಾವುದರ ಪಾಲು ಹೆಚ್ಚು? ಮುಂದಿನ ಸಲ ಎರಡು ಮಡಿಗಳಲ್ಲಿ ಒಂದೇ ದಿನ, ಒಂದೇ ಪೊಟ್ಟಣದ ಬೀಜ ಬಿತ್ತುತ್ತೇನೆ. ಒಂದಕ್ಕೆ ಕಾಂಪೋಸ್ಟ್, ಇನ್ನೊಂದಕ್ಕೆ ಇಲ್ಲ. ಕಾಂಪೋಸ್ಟ್ ಹಾಕಿದ ಮಡಿಯಲ್ಲೇ ಇನ್ನೊಂದು ಸಾಲನ್ನು ತಡವಾಗಿ, ಹೂ ಬಿಡುವ ಹೊತ್ತಿಗೆ ಸೆಕೆ ಏರಿರುವ ಹಾಗೆ ಬಿತ್ತುತ್ತೇನೆ. ನೀರು ಮೂರಕ್ಕೂ ಒಂದೇ ಅಳತೆ. ಕಿತ್ತ ಕಾಯಿಗಳನ್ನು ಬೆರೆಸದೆ ಬೇರೆ ಬೇರೆ ತೂಗಿ ಬರೆಯಬೇಕು. ಹೂ ಬಂದಾಗ ಮೂರರಿಂದಲೂ ಒಂದೊಂದು ಗಿಡ ಎತ್ತಿ ಗಂಟು ಎಣಿಸಬೇಕು. ಕಾಂಪೋಸ್ಟ್ ಇಲ್ಲದ ಮಡಿಯಲ್ಲಿ ಗಂಟು ಜಾಸ್ತಿ ಇರುತ್ತದೆ ಅನ್ನುವುದು ನನ್ನ ಊಹೆ. ಕಾಯಿಯ ತೂಕದ ಬಗ್ಗೆ ಊಹೆ ಮಾಡಲು ಹೋಗಿಲ್ಲ, ಆ ಕಾಲಂ ಖಾಲಿ ಬಿಟ್ಟಿದ್ದೇನೆ.